ಚಂದ್ರನಲ್ಲಿ ಪಿಗ್ಮಿ ಕಟ್ಟಿಸಿದ್ದು: ಒಂದು ಹಳೇ ಪೇಪರಿನಿಂದ ನಗೆಬರಹ ಮಾಡಿದ ನನ್ನ ಅನುಭವ

ನನ್ನ ಸೋದರಮಾವ ಉಡುಪಿ ಕಡೆ ಪಿಗ್ಮಿ ಕಲೆಕ್ಟರ್ ಆಗಿದ್ದರು, ಅಂದರೆ ದಿನಾ ಮನೆಬಾಗಿಲಿಗೆ ಹೋಗಿ ಬ್ಯಾಂಕಿನ ಸಣ್ಣ ಠೇವಣಿ ವಸೂಲು ಮಾಡುವವರು. ಹೆಗಲಿಗೆ ಚೀಲ, ಕೈಯಲ್ಲಿ ಕೊಡೆ, ದಿನಾ ಅವೇ ಅಂಗಡಿ, ಅವೇ ಮನೆ. ಕಳೆದ ವರ್ಷ ಅವರ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಮಡಚಿಟ್ಟ ಒಂದು ಪೇಪರ್ ಸಿಕ್ಕಿತು. 1969ರ ಜುಲೈ 20, ಭಾನುವಾರ. ಮುಖಪುಟದಲ್ಲಿ ಎರಡು ದೊಡ್ಡ ಸುದ್ದಿ. ಒಂದು, 14 ಬ್ಯಾಂಕುಗಳು ರಾತ್ರೋರಾತ್ರಿ ಸರ್ಕಾರದ್ದಾಗಿವೆ. ಇನ್ನೊಂದು, ಅಪೊಲೊ 11 ಚಂದ್ರನ ಸುತ್ತ ತಿರುಗುತ್ತಿದೆ.

ಅದೇ ಸಮಯಕ್ಕೆ ನಮ್ಮೂರಿನ ನಿವೃತ್ತ ಬ್ಯಾಂಕ್ ನೌಕರರು ಒಂದು ಸಂಜೆ ಸೇರುವವರಿದ್ದರು. ಹದಿನೈದು ನಿಮಿಷದ ಹಾಸ್ಯ ಓದಿ ಅಂತ ನನ್ನನ್ನು ಕೇಳಿದ್ದರು. ಈ ಪೇಪರ್ ಹಿಡಿದುಕೊಂಡೇ ಬರೆಯೋಣ ಅಂದುಕೊಂಡೆ. ಈ ತಲೆಬರಹಗಳು ಒಂದೇ ದಿನ ನಿಜವಾದರೆ ಮುಂದೇನಾಗಬಹುದು ಅಂತ ಕಲ್ಪಿಸಿಕೊಂಡು ಹೋಗುವುದು, ಅಷ್ಟೇ.

ಮೊದಲ ಕರಡು ಏಳಲಿಲ್ಲ. ನನಗೆ ಗೊತ್ತಿದ್ದನ್ನೆಲ್ಲ ಅದರಲ್ಲಿ ತುಂಬಿದ್ದೆ. ಬ್ಯಾಂಕುಗಳನ್ನು ಸರ್ಕಾರದ್ದಾಗಿಸಿದ ಕಾನೂನನ್ನು 1970ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು, ನಾಲ್ಕೇ ದಿನದಲ್ಲಿ ಸರ್ಕಾರ ಮತ್ತೆ ಸುಗ್ರೀವಾಜ್ಞೆ ತಂದಿದ್ದು, 1980ರಲ್ಲಿ ಇನ್ನೂ ಆರು ಬ್ಯಾಂಕುಗಳನ್ನು ತೆಗೆದುಕೊಂಡಿದ್ದು, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ ಸೇರಿದ್ದು. ಗೆಳತಿಗೆ ಓದಿ ತೋರಿಸಿದೆ. ಕೊನೆವರೆಗೂ ಕೇಳಿ, "ಕ್ವಿಜ್ ತರ ಇದೆ" ಅಂದಳು.

ಅವಳು ಹೇಳಿದ್ದು ಸರಿ. ಆ ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಪೇಪರ್ ಬಿಡಿಸಿದವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಚಂದ್ರನ ಮೇಲೆ ನೌಕೆ ಇಳಿದದ್ದು ನಮ್ಮ ಗಡಿಯಾರದಲ್ಲಿ ಸೋಮವಾರ ನಸುಕಿನ 1.47ಕ್ಕೆ. ಅಂದರೆ ಪೇಪರ್ ಓದುವ ಹೊತ್ತಿಗೆ ಅವರು ಇಳಿಯುತ್ತಾರೋ, ವಾಪಸ್ ಬರುತ್ತಾರೋ, ಯಾರಿಗೂ ತಿಳಿಯದು. ನಮ್ಮ ಕಡೆ ಟಿವಿ ಇಲ್ಲ, ರೇಡಿಯೊ ಮಾತ್ರ. ಸೋಮವಾರ ಬ್ಯಾಂಕಿನ ಬಾಗಿಲು ತೆಗೆಯುತ್ತಾರಾ ಅನ್ನುವುದೂ ಅನುಮಾನ. ಆ ಅನುಮಾನ ಇದ್ದಾಗಲೇ ಮನಸ್ಸು ಎಲ್ಲಿಗೆ ಬೇಕಾದರೂ ಓಡುತ್ತದೆ. ಹಾಗಾಗಿ ಆ ಭಾನುವಾರದ ನಂತರದ್ದನ್ನೆಲ್ಲ ಹೊಡೆದು ಹಾಕಿದೆ. ನಾಲ್ಕು ಪುಟ ಇದ್ದದ್ದು ಒಂದೂವರೆ ಪುಟ ಆಯಿತು.

ಇನ್ನೊಂದು ಸುದ್ದಿಯನ್ನೂ ಕೈಬಿಟ್ಟೆ. ಒಳಪುಟದಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್ ದೇಶಗಳ ನಡುವಿನ ಕದನವಿರಾಮದ ನಾಲ್ಕು ಸಾಲು ಇತ್ತು. ವಿಶ್ವಕಪ್ ಅರ್ಹತಾ ಪಂದ್ಯಗಳ ಗಲಾಟೆಯ ಬೆನ್ನಿಗೆ ಬಂದ ಯುದ್ಧ ಅದು, ಹಾಗಾಗಿ ಫುಟ್ಬಾಲ್ ಯುದ್ಧ ಅಂತಲೇ ಹೆಸರು. ನಮ್ಮೂರ ವಾಲಿಬಾಲ್ ಪಂದ್ಯಕ್ಕೆ ಗಂಟು ಹಾಕಿ ಒಂದು ಪ್ಯಾರಾ ಬರೆದೂ ಆಗಿತ್ತು. ಆಮೇಲೆ ಆ ನೂರು ಗಂಟೆಗಳ ಯುದ್ಧದಲ್ಲಿ ಸಾವಿರಾರು ಜನ ಸತ್ತರು, ಅದರ ಬೇರು ಜಮೀನು ಮತ್ತು ವಲಸೆಯ ಜಗಳದಲ್ಲಿತ್ತು ಅಂತ ಓದಿದೆ. ಆ ಪ್ಯಾರಾ ಅಲ್ಲಿಗೇ ಮುಗಿಯಿತು. ನಗಿಸಲು ಹೊರಟವರು ಯಾರ ಮನೆಯ ಸಾವಿನ ಮೇಲೂ ಕಾಲಿಡಬಾರದು, ಅಲ್ವಾ?

ಬ್ಯಾಂಕಿನ ಸುದ್ದಿಯಲ್ಲಿ ನನಗೆ ಸಿಕ್ಕ ಎಳೆ ಒಂದು ಅಂಕಿ. 50 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಠೇವಣಿ ಇದ್ದ ಬ್ಯಾಂಕುಗಳನ್ನು ಮಾತ್ರ ಸರ್ಕಾರ ತೆಗೆದುಕೊಂಡಿತ್ತು. ಹಾಗಾದರೆ 49 ಕೋಟಿ 99 ಲಕ್ಷ ಇರುವ ಬ್ಯಾಂಕಿನ ಮ್ಯಾನೇಜರ್ ಸೋಮವಾರ ಏನು ಮಾಡಬೇಕು? ಗೇಟಿನ ಹತ್ತಿರ ನಿಂತು ಗ್ರಾಹಕರಿಗೆ ಕೈ ಮುಗಿಯುತ್ತಾನೆ. "ಅಮ್ಮಾ, ಇವತ್ತು ಕಟ್ಟಬೇಡಿ. ಬೇಕಾದರೆ ಸ್ವಲ್ಪ ತೆಗೆದುಕೊಂಡು ಹೋಗಿ." ಮೀನು ಮಾರುವ ಅಕ್ಕ ಹಟ ಹಿಡಿದು ಐದು ರೂಪಾಯಿ ಕಟ್ಟಿಯೇ ಬಿಡುತ್ತಾಳೆ. ಇದಕ್ಕೆ ಸಭೆಯಲ್ಲಿ ಒಳ್ಳೇ ನಗು ಬಂತು. ಅವರೆಲ್ಲ ವರ್ಷಪೂರ್ತಿ ಠೇವಣಿ ತನ್ನಿ ಅಂತ ಬೈಸಿಕೊಂಡವರು.

ಆದರೆ ನನಗೆ ತುಂಬಾ ಇಷ್ಟವಾದದ್ದು ಎರಡು ಸುದ್ದಿಗಳನ್ನು ಒಂದೇ ಕಡೆ ಸೇರಿಸಿದ ಭಾಗ. ಸರ್ಕಾರದ ಬ್ಯಾಂಕು ಅಂದ ಮೇಲೆ ಬ್ಯಾಂಕಿಲ್ಲದ ಊರಿಗೆಲ್ಲ ಹೋಗಬೇಕು. ಚಂದ್ರನಲ್ಲೂ ಬ್ಯಾಂಕಿಲ್ಲ. ಸರಿ, ನಮ್ಮ ಕರಾವಳಿಯವರೇ ಮೊದಲು ಹೊರಡಲಿ. ಆ 14ರಲ್ಲಿ ಎರಡು ಇಲ್ಲೇ ಹುಟ್ಟಿದವು: 1906ರಲ್ಲಿ ಮಂಗಳೂರಿನಲ್ಲಿ ಕೆನರಾ, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಒಯ್ಯುವ ಪಿಗ್ಮಿ ಠೇವಣಿಯನ್ನು ಸಿಂಡಿಕೇಟ್ 1928ರಲ್ಲೇ ಶುರು ಮಾಡಿತ್ತು. ಹಾಗಾಗಿ ಚಂದ್ರನಿಗೆ ಹೋಗುವುದು ಪಿಗ್ಮಿ ಕಲೆಕ್ಟರೇ.

ಇಲ್ಲಿ ನಾನು ಒಂದು ನಿಯಮ ಹಾಕಿಕೊಂಡೆ. ಕಲ್ಪನೆ ಎಷ್ಟು ದೂರ ಹೋದರೂ ಲೆಕ್ಕ ಸರಿ ಇರಬೇಕು. ಚಂದ್ರನಲ್ಲಿ ಒಂದು ಸೂರ್ಯೋದಯದಿಂದ ಮುಂದಿನದಕ್ಕೆ ನಮ್ಮ 29 ದಿನ ಚಿಲ್ಲರೆ ಹಿಡಿಯುತ್ತದೆ. ಪಿಗ್ಮಿ ದಿನಾ ಕಟ್ಟುವುದು. ಅಂದರೆ ಅಲ್ಲಿ ತಿಂಗಳಿಗೊಂದು ಸಲ ಸುತ್ತು ಹೊಡೆದರೆ ಮುಗಿಯಿತು! ಕಲೆಕ್ಟರ್ ಮೊದಲು ಹಿಗ್ಗುತ್ತಾನೆ. ಆಮೇಲೆ ತನ್ನ ಕಮಿಷನ್ ನೆನಪಾಗಿ ಕುಸಿದು ಕೂರುತ್ತಾನೆ. ಅಲ್ಲಿ ಸೆಳೆತ ಭೂಮಿಯ ಆರರಲ್ಲಿ ಒಂದು ಪಾಲು, ಚಿಲ್ಲರೆ ಚೀಲ ಹೂವಿನ ಹಾಗೆ ಹಗುರ, ಆದರೆ ಚೀಲ ತುಂಬುವುದೇ ಇಲ್ಲ. ಅಪೊಲೊದಲ್ಲಿ ಬಂದ ಮೂವರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಕೆಳಗೆ ಸಿಗುತ್ತಾರೆ. ಮೈಕೆಲ್ ಕಾಲಿನ್ಸ್ ಮಾತ್ರ ಮೇಲೆ ಸುತ್ತುತ್ತಾ ಎರಡು ಗಂಟೆಗೊಮ್ಮೆ ತಲೆ ಮೇಲೆ ಹಾದು ಹೋಗುತ್ತಾನೆ. ಕಲೆಕ್ಟರ್ ಮನೆ ಹುಡುಕಿಕೊಂಡು ಹೋಗುವುದು ರೂಢಿ. ಮನೆಯೇ ಎರಡು ಗಂಟೆಗೊಮ್ಮೆ ಕಲೆಕ್ಟರನ್ನು ದಾಟಿ ಹೋಗುವುದು ಇದೇ ಮೊದಲು. ಅವನು ಕೊಡೆ ಎತ್ತಿ ಕೂಗುತ್ತಾನೆ. ಗಾಳಿ ಇಲ್ಲದ ಜಾಗ, ಕೂಗು ಕೇಳಿಸುವುದಿಲ್ಲ. ಕೊಡೆ ಮಾತ್ರ ಬಿಡುವುದಿಲ್ಲ, ಉಡುಪಿಯವನು.

ಇದನ್ನು ಬರೆಯುವಾಗ ಮಾವನನ್ನು ದಿನಾ ಪೀಡಿಸಿದ್ದೇನೆ. ಬಾಗಿಲಲ್ಲಿ ನಿಂತು ಏನಂತ ಕರೆಯುತ್ತಿದ್ದಿರಿ, ಮಳೆಗಾಲದಲ್ಲಿ ಪಿಗ್ಮಿ ಲೆಕ್ಕದ ಕಾರ್ಡು ಒದ್ದೆಯಾದರೆ ಏನು ಮಾಡುತ್ತಿದ್ದಿರಿ, ಕೊಡದವರ ಮನೆಗೆ ಮತ್ತೆ ಹೋಗುತ್ತಿದ್ದಿರಾ. ಅವರು ಹೇಳಿದ ಸಣ್ಣ ಸಣ್ಣ ವಿಷಯಗಳೇ ನಗು ತಂದವು. ಹೋಟೆಲಿನ ಹುಡುಗ ನಾಲ್ಕಾಣೆ ಕೊಟ್ಟು "ನಮ್ಮಮ್ಮನಿಗೆ ಹೇಳಬೇಡಿ" ಅನ್ನುತ್ತಿದ್ದನಂತೆ. ಅದನ್ನು ಹಾಗೇ ಆಲ್ಡ್ರಿನ್ ಬಾಯಲ್ಲಿ ಇಟ್ಟೆ. ಸಭೆಯಲ್ಲಿ ಅತಿ ಜಾಸ್ತಿ ನಕ್ಕಿದ್ದು ಅದಕ್ಕೇ. ಮೊದಲ ಸಾಲಿನಲ್ಲಿದ್ದ ಒಬ್ಬ ಹಿರಿಯರು ಕಣ್ಣೊರೆಸಿಕೊಂಡರು, ನಕ್ಕು ಬಂದ ನೀರೋ ಇನ್ನೇನೋ ಗೊತ್ತಾಗಲಿಲ್ಲ.

ಮಾವನೂ ಬಂದಿದ್ದರು. ಓದು ಮುಗಿದ ಮೇಲೆ ಹತ್ತಿರ ಕರೆದರು. ಮುಖ ಗಂಭೀರವಾಗಿತ್ತು.

"ಎಂತ ಮಾರಾಯ್ತಿ, ಆ ಕಾಲಿನ್ಸ್ ಮೇಲೆಯೇ ಸುತ್ತುತ್ತಾ ಉಂಟಲ್ಲ. ಅವನ ಕಾರ್ಡು ಯಾರ ಹತ್ತಿರ?"

ನಾನು ಅದನ್ನು ಯೋಚಿಸಿರಲಿಲ್ಲ. ಹಾಗಂದೆ.

"ಆರ್ಮ್‌ಸ್ಟ್ರಾಂಗ್ ಹತ್ತಿರ ಕೊಟ್ಟಿಡಬೇಕು. ಪಕ್ಕದ ಮನೆಯವರ ಹತ್ತಿರ ಇಡುವುದೇ ಕ್ರಮ" ಅಂದರು. ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಪೆನ್ನು ಕೇಳಿ, ಪಕ್ಕದಲ್ಲಿ ಅದನ್ನು ಬರೆದೇ ಕೊಟ್ಟರು.