ಕಾಲು ತೆಗೆದು ನೋಡಿ, ಆಮೇಲೆ ಇಳಿಯಿರಿ

ನಮ್ಮ ಮನೆ ಮಂಗಳೂರಿನ ಕದ್ರಿ ಗುಡ್ಡೆಯ ಇಳಿಜಾರಿನಲ್ಲಿದೆ. ಗೇಟಿನ ಒಳಗೆ ಕಾರಿಗೆ ಜಾಗವಿಲ್ಲ, ರಸ್ತೆ ಬದಿಯಲ್ಲೇ ನಿಲ್ಲಿಸಬೇಕು. ಮೂರು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಸಂಜೆ. ಜೋರು ಮಳೆ. ಮೀನಿನ ಚೀಲ ಹಿಡಿದುಕೊಂಡು ಗಡಿಬಿಡಿಯಲ್ಲಿ ಇಳಿದೆ. ಹ್ಯಾಂಡ್‌ಬ್ರೇಕ್ ಎಳೆದಿದ್ದೆ, ಆದರೆ ಅರ್ಧಂಬರ್ಧ. ಗೇರು ನ್ಯೂಟ್ರಲ್‌ನಲ್ಲೇ ಇತ್ತು. ಮೆಟ್ಟಿಲ ಮೇಲೆ ಚಪ್ಪಲಿ ಬಿಡುವಷ್ಟರಲ್ಲಿ ಕಾರು ಸದ್ದಿಲ್ಲದೆ ಹಿಂದಕ್ಕೆ ಜಾರಿ, ಕೆಳಗಿನ ಮನೆಯ ಮುರಕಲ್ಲಿನ ಕಾಂಪೌಂಡಿಗೆ ಬಡಿದಿತ್ತು. ಆ ಗೋಡೆಯ ಹತ್ತಿರವೇ ದಿನಾ ಸಂಜೆ ಮಕ್ಕಳು ಆಡುತ್ತಾರೆ. ಮಳೆಯಿಂದಾಗಿ ಅವತ್ತು ಯಾರೂ ಇರಲಿಲ್ಲ. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಈಗ ಅಕ್ಕನ ಮಗಳು ಡ್ರೈವಿಂಗ್ ಕಲಿಯುತ್ತಿದ್ದಾಳೆ. ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಲಿನ ಬ್ರೇಕ್ ಒತ್ತಿ ಕಾರನ್ನು ಪೂರ್ತಿ ನಿಲ್ಲಿಸಿ. ಕಾಲು ಅಲ್ಲೇ ಇರಲಿ. ಗೇರು ನ್ಯೂಟ್ರಲ್‌ಗೆ ತನ್ನಿ. ಈಗ ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಮೇಲಕ್ಕೆ ಎಳೆಯಿರಿ. ಬಟನ್ ಒತ್ತಿಕೊಂಡು ಎಳೆದಿದ್ದರೆ, ಎಳೆದ ಮೇಲೆ ಬೆರಳು ಬಿಟ್ಟು ಲಿವರ್ ಸರಿಯಾಗಿ ಕಚ್ಚಿಕೊಂಡಿದೆಯೇ ನೋಡಿ. ಇನ್ನು ಮುಖ್ಯವಾದದ್ದು: ಕಾಲಿನ ಬ್ರೇಕನ್ನು ನಿಧಾನಕ್ಕೆ ಬಿಡಿ. ಕಾರು ಒಂದು ಚೂರು ಅಲುಗಿ ನಿಲ್ಲುತ್ತದೆ. ಈಗ ಅದರ ಭಾರವೆಲ್ಲ ಹ್ಯಾಂಡ್‌ಬ್ರೇಕ್ ಮೇಲೆ ಕೂತಿದೆ ಎಂದರ್ಥ. ನಿಲ್ಲದೆ ಸರಿದರೆ ತಕ್ಷಣ ಕಾಲಿನ ಬ್ರೇಕ್ ಒತ್ತಿ, ಲಿವರನ್ನು ಇನ್ನೂ ಒಂದೆರಡು ಹಲ್ಲು, ಅಂದರೆ ಒಂದೆರಡು 'ಟಕ್' ಸದ್ದಿನಷ್ಟು, ಮೇಲಕ್ಕೆ ಎಳೆಯಿರಿ. ನಿಂತದ್ದು ಖಾತ್ರಿಯಾದ ಮೇಲೆ ಇಂಜಿನ್ ಆಫ್ ಮಾಡಿ ಗೇರಿಗೆ ಹಾಕಿ. ಕಾರಿನ ಮುಖ ಏರಿಗಿದ್ದರೆ ಫಸ್ಟ್, ಇಳಿಜಾರಿಗಿದ್ದರೆ ರಿವರ್ಸ್.

"ಚಿಕ್ಕಮ್ಮ, ಗೇರಿಗೆ ಹಾಕಿದರೆ ಕಾರು ನಿಲ್ಲುತ್ತದಲ್ಲ? ಮತ್ತೆ ಹ್ಯಾಂಡ್‌ಬ್ರೇಕ್ ಯಾಕೆ?" ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಗೇರಿನಲ್ಲಿದ್ದಾಗ ಕಾರನ್ನು ಹಿಡಿಯುವುದು ಇಂಜಿನ್ನಿನ ಒಳಗಿನ ಒತ್ತಡ. ಕಡಿದಾದ ಜಾಗದಲ್ಲಿ ಅದು ಸಾಲದೆ ಕಾರು ಮೆಲ್ಲಗೆ ಜರುಗಬಹುದು. ಹ್ಯಾಂಡ್‌ಬ್ರೇಕ್ ಹಾಗಲ್ಲ. ಹೆಚ್ಚಿನ ಕಾರುಗಳಲ್ಲಿ ಅದು ಕೇಬಲ್ ಎಳೆದು ಹಿಂದಿನ ಎರಡೂ ಚಕ್ರಗಳನ್ನೇ ಹಿಡಿಯುತ್ತದೆ. ಹಾಗಾಗಿ ಹ್ಯಾಂಡ್‌ಬ್ರೇಕ್ ಮೊದಲು, ಗೇರು ಅದಕ್ಕೆ ಬೆಂಬಲ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಕೂಡ, ಚಾಲಕ ಸೀಟು ಬಿಟ್ಟು ಹೋಗುವಾಗ ಇಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ ಗಾಡಿ ತಾನಾಗಿ ಚಲಿಸದಂತೆ ನೋಡಿಕೊಳ್ಳಬೇಕು ಎನ್ನುತ್ತದೆ.

ಆಟೋಮ್ಯಾಟಿಕ್ ಕಾರಿನವರು ಗೇರನ್ನು ನೇರ 'ಪಿ'ಗೆ (ಪಾರ್ಕಿಂಗ್) ಹಾಕಿ ಇಳಿದುಬಿಡುತ್ತಾರೆ. ಹಾಗೆ ಮಾಡಿದರೆ ಗೇರ್‌ಬಾಕ್ಸ್ ಒಳಗಿನ ಒಂದು ಸಣ್ಣ ಕೊಕ್ಕೆಯ ಮೇಲೆ ಇಡೀ ಕಾರಿನ ಭಾರ ಬೀಳುತ್ತದೆ. ಮರುದಿನ 'ಪಿ'ಯಿಂದ ತೆಗೆಯುವಾಗ 'ಧಡ್' ಎನ್ನುವುದು ಅದೇ. ಅಲ್ಲೂ ಕ್ರಮ ಇದೇ: ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಕಾಲು ಬಿಟ್ಟು ನೋಡುವುದು. ಮತ್ತೆ ಬ್ರೇಕ್ ಒತ್ತಿ 'ಪಿ'.

ಇಳಿಜಾರಿನಲ್ಲಿ ಚಕ್ರ ತಿರುಗಿಸಿಡುವುದನ್ನೂ ಮರೆಯಬೇಡಿ. ಎಡಬದಿಗೆ ಇಳಿಮುಖವಾಗಿ ನಿಲ್ಲಿಸಿದರೆ ಸ್ಟೇರಿಂಗ್ ಎಡಕ್ಕೆ. ಏರುಮುಖವಾಗಿದ್ದು ಪಕ್ಕದಲ್ಲಿ ಎತ್ತರದ ಫುಟ್‌ಪಾತ್ ಇದ್ದರೆ ಬಲಕ್ಕೆ. ಕಾರು ಜಾರಿದರೂ ಚಕ್ರ ಅಂಚಿಗೆ ತಾಗಿ ನಿಲ್ಲುತ್ತದೆ. ಫುಟ್‌ಪಾತ್ ಇಲ್ಲದಿದ್ದರೆ ಏರಿನಲ್ಲೂ ಎಡಕ್ಕೇ. ಆದರೆ ನಮ್ಮ ಕಡೆ ರಸ್ತೆ ಬದಿಯಲ್ಲಿ ಬಾಯಿ ತೆರೆದ ಚರಂಡಿ ಇರುತ್ತದಲ್ವಾ? ಅಲ್ಲಿ ಚಕ್ರ ನೇರ ಇಟ್ಟು, ಅದು ಉರುಳುವ ಬದಿಗೆ ಒಂದು ದಪ್ಪ ಕಲ್ಲು ಕೊಡಿ. ನಾನು ಡಿಕ್ಕಿಯಲ್ಲಿ ಮರದ ತುಂಡೊಂದನ್ನು ಇಟ್ಟುಕೊಂಡಿದ್ದೇನೆ. ಹೊರಡುವಾಗ ಅದನ್ನು ರಸ್ತೆಯಲ್ಲೇ ಬಿಟ್ಟು ಹೋಗಬಾರದು, ರಾತ್ರಿ ಬರುವ ಸ್ಕೂಟರಿನವರು ಬೀಳುತ್ತಾರೆ.

ಮಳೆಗಾಲಕ್ಕೆ ಬೇರೆಯೇ ಎಚ್ಚರ ಬೇಕು. ನೀರಿನಲ್ಲಿ ಓಡಿಸಿ ಬಂದು ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕೈದು ದಿನ ಹಾಗೇ ಬಿಟ್ಟರೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿಗೆ ತುಕ್ಕು ಹಿಡಿದು, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂ ಅಂಟಿಕೊಳ್ಳಬಹುದು. ಮನೆ ಹತ್ತಿರ ಬರುವಾಗ, ಹಿಂದೆ ಗಾಡಿ ಇಲ್ಲದಿದ್ದರೆ, ಬ್ರೇಕನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ. ವಾರಗಟ್ಟಲೆ ಊರಿಗೆ ಹೋಗುವುದಿದ್ದರೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟುಬಿಡಿ. ಇಳಿಜಾರಿನಲ್ಲಿ ಮಾತ್ರ ಹೀಗೆ ಮಾಡಲೇಬೇಡಿ. ಅಂಟಿಕೊಂಡಿದ್ದರೆ ಸುಮ್ನೆ ಆಕ್ಸಿಲರೇಟರ್ ಒತ್ತಬೇಡಿ. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಎಂದು ಮೆಲ್ಲಗೆ ಆಡಿಸಿ. ಆಗಲೂ ಬಿಡದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಲಿವರ್ ಮೊದಲಿಗಿಂತ ಜಾಸ್ತಿ ಮೇಲೆ ಬರುತ್ತಿದ್ದರೆ ಕೇಬಲ್ ಸಡಿಲಾಗಿರಬಹುದು, ಇಲ್ಲವೇ ಶೂ ಸವೆದಿರಬಹುದು. ಎಷ್ಟು ಹಲ್ಲಿಗೆ ಹಿಡಿಯಬೇಕು ಎಂದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಪಣಂಬೂರು, ಮಲ್ಪೆಯಂಥ ಕಡಲ ಬದಿಯಲ್ಲಿ ಇರುವವರು ಸರ್ವಿಸಿಗೆ ಕೊಡುವಾಗ ಕೇಬಲ್ ನೋಡಲು ಬಾಯಿಬಿಟ್ಟು ಹೇಳಿ. ಉಪ್ಪುಗಾಳಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ.

ಹೊರಡುವಾಗ ಲಿವರ್ ಪೂರ್ತಿ ಕೆಳಗಿಳಿದು ಕೆಂಪು ದೀಪ ಆರಬೇಕು. ಲಿವರ್ ಇಳಿದ ಮೇಲೂ ದೀಪ ಉರಿಯುತ್ತಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು. ಅದನ್ನು ನೋಡಿಸದೆ ಗುಡ್ಡೆ ಇಳಿಯಬೇಡಿ.