ಬೀಟೆ ಹಲಗೆ ಕೊಳ್ಳುವ ಮುಂಚೆ

ಕಪ್ಪಗಿದ್ದದ್ದೆಲ್ಲ ಬೀಟೆ (ರೋಸ್‌ವುಡ್) ಅಲ್ಲ. ನಾನು ಮರಗೆಲಸದವನು. ಬಣ್ಣ ಹಚ್ಚಿದ ಕಾಡುಮರಕ್ಕೆ ಬೀಟೆಯ ದುಡ್ಡು ಕೊಟ್ಟವರನ್ನು ನೋಡಿದರೆ ಸಂಕಟವಾಗುತ್ತದೆ.

ಹಲಗೆಯ ಮುಖಕ್ಕಿಂತ ಮೊದಲು ಅದರ ತುದಿ ನೋಡಿ. ತುದಿಯಿಂದ ಒಂದು ತೆಳು ಚೂರು ಉಳಿಯಲ್ಲಿ ಕೆತ್ತಿ ತೋರಿಸಲು ಹೇಳಿ. ಬಣ್ಣ ಹಚ್ಚಿದ್ದಾದರೆ ಒಳಗೆ ಪೇಲವ ಮರ ಕಾಣುತ್ತದೆ. ಬೀಟೆಯಾದರೆ ನೇರಳೆ ಬೆರೆತ ಕಂದು, ಅದರಲ್ಲಿ ಕಪ್ಪು ಗೆರೆಗಳು ಆಳಕ್ಕೂ ಇಳಿದಿರುತ್ತವೆ. ಹೊಸದಾಗಿ ಕೆತ್ತಿದ ಜಾಗ ಮೂಸಿ ನೋಡಿ, ಸಣ್ಣಗೆ ಸಿಹಿ ವಾಸನೆ ಬರುತ್ತದೆ. ಅಂಚಿನಲ್ಲಿ ಬಿಳಿ ಪಟ್ಟಿ ಇದ್ದರೆ ಅದು ಚೇಗು, ಅಂದರೆ ಮರದ ಒಳಗಿನ ಗಟ್ಟಿ ತಿರುಳು, ಅಲ್ಲ. ಅದಕ್ಕೆ ಹುಳ ಬೀಳುತ್ತದೆ, ಅಳತೆಯಿಂದ ಕಳೆಯಿರಿ.

ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದಾಗ ಬಣ್ಣ ಬಂದರೆ ನಕಲಿ ಅನ್ನುತ್ತಾರಲ್ವಾ? ಅದನ್ನು ಸುಮ್ನೆ ನಂಬಬೇಡಿ. ಅಸಲಿ ಬೀಟೆಯೂ ಸ್ಪಿರಿಟ್‌ಗೆ ನೇರಳೆ ಬಣ್ಣ ಬಿಡುತ್ತದೆ.

ಶೀಶಮ್ ಅನ್ನೂ ರೋಸ್‌ವುಡ್ ಹೆಸರಲ್ಲಿ ಮಾರುತ್ತಾರೆ. ಅದು ಬೀಟೆಯ ದಾಯಾದಿ, ಒಳ್ಳೆಯ ಮರವೇ, ಆದರೆ ಬೀಟೆಯ ಬೆಲೆ ಕೊಡಬೇಕಿಲ್ಲ. ಮರ ನಿಂತಿದ್ದಾಗ ಗುರುತು ಸುಲಭ. ಬೀಟೆಗೆ ಒಂದು ಕಡ್ಡಿಯಲ್ಲಿ ಸಾಮಾನ್ಯವಾಗಿ 5ರಿಂದ 7 ಎಲೆ, ತುದಿ ಮೊಂಡು, ಕೆಲವಕ್ಕೆ ನಡುವೆ ಸಣ್ಣ ಕಚ್ಚು. ಶೀಶಮ್‌ಗೆ 3ರಿಂದ 5, ತುದಿ ಚೂಪು. ನಿಮ್ಮ ತೋಟದಲ್ಲೇ ಬೀಟೆ ಇದ್ದರೆ ಬೇರಿನಿಂದ ಏಳುವ ಚಿಗುರನ್ನು ದಯವಿಟ್ಟು ಕಡಿಯಬೇಡಿ. ಅದು ಮುಂದಿನ ಮರ.

ಬಿಲ್ಲಿನ ಜೊತೆ ಅರಣ್ಯ ಇಲಾಖೆಯ ಸಾಗಣೆ ಪಾಸನ್ನೂ ಕೇಳಿ. ಪಾಸಿಲ್ಲದ ನಾಟಾ ಎಷ್ಟು ಅಗ್ಗವಾದರೂ ಬೇಡ. ಕಾಡಿನಲ್ಲಿ ಬೀಟೆ ಕಡಿಮೆಯಾಗಿದೆ. 2017ರ ಜನವರಿಯಿಂದ ಬೀಟೆಯ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ದೇಶಗಳ ನಡುವಿನ ಒಪ್ಪಂದ) ಹಿಡಿತದಲ್ಲಿದೆ.

ಇನ್ನು ಕೆಲಸ. ಬೀಟೆಯ ಎಳೆ ಒಂದೇ ದಿಕ್ಕಿಗೆ ಓಡುವುದಿಲ್ಲ. ಕೀಸುಳಿ ಜಾಸ್ತಿ ಇಳಿಸಿದರೆ ಮೈ ಕಿತ್ತು ಬರುತ್ತದೆ. ತೆಳುವಾಗಿ ಹೊಡೆಯಿರಿ. ಒಳಗೆ ಸುಣ್ಣದಂಥ ಕಣ ಸಿಗುವುದೂ ಉಂಟು, ಉಳಿ ಬೇಗ ಮೊಂಡಾಗುತ್ತದೆ, ಸಾಣೆಕಲ್ಲು ಪಕ್ಕದಲ್ಲೇ ಇರಲಿ. ಧೂಳು ಕೆಲವರಿಗೆ ಚರ್ಮ, ಉಸಿರು ಎರಡಕ್ಕೂ ಆಗುವುದಿಲ್ಲ. ಮಾಸ್ಕ್ ಹಾಕದೆ ಉಜ್ಜಬೇಡಿ. ಮರದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮುಂಚೆ ಕೀಲಿನ ಜಾಗವನ್ನು ಥಿನ್ನರ್‌ನಲ್ಲಿ ಒರೆಸಿ, ಆರಿದ ಕೂಡಲೇ ಅಂಟಿಸಿ. ಪಾಲಿಶ್‌ಗೆ ಮೊದಲ ಕೋಟು ಅರಗಿನದೇ ಇರಲಿ, ನೇರವಾಗಿ ವಾರ್ನಿಶ್ ಹೊಡೆದರೆ ಆರದೆ ಅಂಟಂಟಾಗಿ ಉಳಿಯಬಹುದು. ಮುಗಿದ ಸಾಮಾನನ್ನು ಕಿಟಕಿಯ ಬಿಸಿಲಿಗೆ ಇಡಬೇಡಿ, ನೇರಳೆ ಛಾಯೆ ಹೋಗಿ ಬರೀ ಕಂದು ಉಳಿಯುತ್ತದೆ.