ರೂಬಿಯ ಜೊತೆ ನಾಲ್ಕು ವರ್ಷ ಅಡ್ಡಾಡಿದ ಮೇಲೆ

ಗದಗಿನ ಮುದ್ರಣಾಲಯಗಳಿಗೆ ಇಪ್ಪತ್ತೆಂಟು ವರ್ಷಗಳಿಂದ ಕರಡು ತಿದ್ದಿಕೊಡುತ್ತ ಬಂದಿದ್ದೇನೆ. ಮಠಗಳ ಸ್ಮರಣ ಸಂಚಿಕೆ, ಪಂಚಾಂಗ, ಶಾಲೆಯ ಗೈಡು, ಲಗ್ನಪತ್ರಿಕೆ, ಯಾವುದೇ ಬರಲಿ, ಪಡಸಾಲೆಯ ಮೇಜಿನ ಮುಂದೆ ಕೆಂಪು ಪೆನ್ನು ಹಿಡಿದು ಕುಳಿತರೆ ಮಧ್ಯಾಹ್ನದ ಊಟಕ್ಕೆ ಏಳಬೇಕೆಂಬುದೂ ಮರೆತುಹೋಗುತ್ತಿತ್ತು. 2021ರ ಆರಂಭದಲ್ಲಿ ನನಗೆ 52 ವರ್ಷ. ರಕ್ತದೊತ್ತಡ 150/94 ಇತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.3 ಬಂದಿತ್ತು, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೆ. ವೈದ್ಯರು ರಕ್ತದೊತ್ತಡಕ್ಕೆ ಒಂದು ಮಾತ್ರೆ ಬರೆದುಕೊಟ್ಟು, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ ಎಂದರು.

ನಡೆಯಲು ಹೊರಟೆ, ಬಿಟ್ಟೆ; ಮತ್ತೆ ಹೊರಟೆ, ಮತ್ತೆ ಬಿಟ್ಟೆ. ಇದಕ್ಕೆ ಸೋಮಾರಿತನ ಒಂದೇ ಕಾರಣವಾಗಿರಲಿಲ್ಲ. ನಮ್ಮ ಮನೆಯವರು ಸಾರಿಗೆ ಸಂಸ್ಥೆಯ ಬಸ್ಸಿನ ಚಾಲಕರು, ವಾರದಲ್ಲಿ ಮೂರು ರಾತ್ರಿಯಾದರೂ ಹೊರಗಿರುತ್ತಾರೆ. ಮಗ ಪುಣೆಯಲ್ಲಿದ್ದಾನೆ. ಹೆಂಗಸೊಬ್ಬಳು ನಸುಕಿನಲ್ಲಿ ಒಬ್ಬಳೇ ಕಳಸಾಪುರ ರಸ್ತೆಯಲ್ಲಿ ಹೊರಟರೆ ನೋಡುವವರ ಕಣ್ಣಿನಲ್ಲಿ ಒಂದು ಪ್ರಶ್ನೆ ಇರುತ್ತದೆ, ಅವಳ ಮನಸ್ಸಿನಲ್ಲಿಯೂ ಒಂದು ಅಂಜಿಕೆ ಇರುತ್ತದೆ. ಬಿಸಿಲೇರಿದ ಮೇಲೆ ಹೋಗೋಣವೆಂದರೆ ಅಷ್ಟರಲ್ಲಿ ಮುದ್ರಣಾಲಯದ ಹುಡುಗ ಕರಡಿನ ಕಟ್ಟು ತಂದು ಇಟ್ಟಿರುತ್ತಿದ್ದ. ನನಗಾಗಿ ನಾನು ಮಾಡಿಕೊಳ್ಳಬೇಕಾದ ಕೆಲಸವನ್ನು ಮುಂದೂಡುವುದು ಎಷ್ಟು ಸುಲಭವೆಂಬುದು ಆ ತಿಂಗಳುಗಳಲ್ಲಿ ನನಗೆ ಚೆನ್ನಾಗಿ ತಿಳಿಯಿತು.

ಅದೇ ವರ್ಷದ ಜೂನ್‌ನಲ್ಲಿ ಪಕ್ಕದ ಮನೆಯವರಿಗೆ ದೂರದ ಊರಿಗೆ ವರ್ಗವಾಯಿತು. ಅವರ ಮೂರು ವರ್ಷದ ಹೆಣ್ಣು ನಾಯಿ ರೂಬಿಯನ್ನು, ಹೊಸ ಮನೆ ಸಿಗುವವರೆಗೆ ಎರಡು ತಿಂಗಳು ನೋಡಿಕೊಳ್ಳಿ ಎಂದು ನನ್ನ ಬಳಿ ಬಿಟ್ಟುಹೋದರು. ಎರಡು ತಿಂಗಳಾದ ಮೇಲೆ ಫೋನು ಬಂತು: ಬಾಡಿಗೆಯ ಮನೆಯ ಮಾಲೀಕರು ನಾಯಿಗೆ ಒಪ್ಪುತ್ತಿಲ್ಲವೆಂದು. ನಮ್ಮ ಮನೆಯವರು ಮೊದಲಿನಿಂದಲೂ, "ನಾಯಿ ನಮ್ಮನ್ಯಾಗ ಬ್ಯಾಡ, ಮಾಡಾವ್ರು ಯಾರು?" ಎನ್ನುತ್ತಿದ್ದವರು. ಆ ಫೋನು ಬಂದ ದಿನ ಮಾತ್ರ ಅವರು ಏನೂ ಅನ್ನಲಿಲ್ಲ. ಸಂಜೆ ಪೇಟೆಯಿಂದ ಬರುವಾಗ ಗಟ್ಟಿಯಾದ ಹೊಸ ಹಗ್ಗವನ್ನು ತಂದಿದ್ದರು.

ರೂಬಿ ಮುಧೋಳ ತಳಿಯ ಕಲಬೆರಕೆ. ನೀಳ ಕಾಲು, ಒಳಗೆ ಸೇರಿದ ಹೊಟ್ಟೆ, ಚೂಪಾದ ಮೂತಿ. ಬಾಗಲಕೋಟೆ ಜಿಲ್ಲೆಯ ಆ ಮುಧೋಳದ ನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿದೆ. ನೋಟದಿಂದಲೇ ಬೇಟೆಯನ್ನು ಗುರುತಿಸಿ ಬಯಲಿನಲ್ಲಿ ಬೆನ್ನಟ್ಟಿ ಓಡುವುದಕ್ಕಾಗಿ ಬೆಳೆಸಿದ ತಳಿ ಅದು. ಇಂಥ ಪ್ರಾಣಿಯನ್ನು ಅಂಗಳದ ಕಂಬಕ್ಕೆ ಕಟ್ಟಿ ಎರಡು ಹೊತ್ತು ಅನ್ನ ಹಾಕಿದರೆ ಸಾಕುತ್ತಿದ್ದೇನೆಂದು ಹೇಳಿಕೊಳ್ಳುವಂತಿಲ್ಲ. ಮೊದಲ ವಾರವೆಲ್ಲ ಅದು ಗೇಟಿನ ಸಂದಿಯಲ್ಲಿ ಮೂತಿ ಇಟ್ಟು ಹಳೆಯ ಮನೆಯ ಕಡೆಗೆ ನೋಡುತ್ತ ಮಲಗಿರುತ್ತಿತ್ತು, ಊಟ ಮುಟ್ಟುತ್ತಿರಲಿಲ್ಲ. ಹೊರಗೆ ಕರೆದೊಯ್ದಾಗ ಮಾತ್ರ ಕಿವಿ ನಿಮಿರುತ್ತಿತ್ತು. ಆದ್ದರಿಂದ ಕರೆದೊಯ್ದೆ. ನನ್ನ ರಕ್ತದೊತ್ತಡದ ನೆನಪು ಆಗ ನನಗಿರಲಿಲ್ಲ.

ನಾನು ಹೇಳಬೇಕಾದ ಮುಖ್ಯ ವಿಷಯ ಇದೇ. ವೈದ್ಯರ ಮಾತಿಗೆ ಕದಲದ ಕಾಲುಗಳು ರೂಬಿಯ ಹಸಿದ ನೋಟಕ್ಕೆ ಕದಲಿದವು, ಏಕೆಂದರೆ ಈಗ ತಪ್ಪಿಸಿದರೆ ನಷ್ಟ ನನ್ನದಲ್ಲ, ಬಾಯಿಲ್ಲದ ಇನ್ನೊಂದು ಜೀವದ್ದು. ಬೆಳಗ್ಗೆ ಐದೂವರೆಗೆ ನಲವತ್ತು ನಿಮಿಷ, ಸಂಜೆ ಆರೂವರೆಗೆ ಇಪ್ಪತ್ತೈದು ನಿಮಿಷ ಎಂದು ಕ್ರಮೇಣ ಗೊತ್ತಾಯಿತು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಯಿ ನಿಂತು ಮೂಸುವ ಸಮಯವನ್ನು ಕಳೆದರೂ ನನ್ನದು 300ರ ಸಮೀಪ ಬರುತ್ತಿತ್ತು. ಆ ಮೂಸುವಿಕೆಯನ್ನು ನಾನು ತಡೆಯುವುದಿಲ್ಲ. ನನಗೆ ಪತ್ರಿಕೆ ಓದುವುದು ಹೇಗೋ ಅದಕ್ಕೆ ಅದು ಹಾಗೆ. ಮೊದಲ ಹತ್ತು ನಿಮಿಷ ಅದರ ಇಷ್ಟಕ್ಕೆ ಬಿಟ್ಟು, ಆಮೇಲೆ ಮಾತನಾಡಿದರೆ ಸ್ವಲ್ಪ ಏದುಸಿರು ಬರುವಷ್ಟು ವೇಗದಲ್ಲಿ ನಡೆಯುತ್ತೇನೆ. ಇನ್ನೂ ಒಂದು ಲಾಭವಾಯಿತು. ಹನ್ನೊಂದು ಗಂಟೆಯ ಸುಮಾರಿಗೆ ರೂಬಿ ಬಂದು ನನ್ನ ಮೊಣಕಾಲ ಮೇಲೆ ಮೂತಿ ಇಡುತ್ತದೆ. ಎದ್ದು ಹಿತ್ತಲ ಬಾಗಿಲು ತೆರೆದು ಐದು ನಿಮಿಷ ಬೇವಿನ ನೆರಳಿನಲ್ಲಿ ನಿಂತು ಬರುತ್ತೇನೆ. ಹೀಗೆ ಎದ್ದು ಬಂದ ಮೇಲೆ ಒತ್ತಕ್ಷರದ ತಪ್ಪುಗಳು ಹೆಚ್ಚು ಸ್ಪಷ್ಟವಾಗಿ ಕಣ್ಣಿಗೆ ಬೀಳುತ್ತವೆ ಎಂಬುದು ನನ್ನ ಕಸುಬಿನ ಅನುಭವ.

ಒಬ್ಬಳೇ ಹೋಗುವಾಗ ಇದ್ದ ಅಂಜಿಕೆ ಹೋಯಿತು. ನಾಯಿ ಕಾವಲಿಗಿದೆ ಎಂಬ ಧೈರ್ಯಕ್ಕಿಂತಲೂ, ಹೊರಗೆ ಬರಲು ನನಗೊಂದು ಕಾರಣವಿದೆ ಎಂಬುದನ್ನು ಬೀದಿಯೇ ಒಪ್ಪಿಕೊಂಡದ್ದು ದೊಡ್ಡ ಬದಲಾವಣೆ. ಹತ್ತು ವರ್ಷಗಳಿಂದ ಮುಖ ಮಾತ್ರ ಗೊತ್ತಿದ್ದ ಹಾಲಿನವರು, ಹೂವು ಕಟ್ಟುವ ಅಜ್ಜಿ, ಶಾಲೆಯ ವ್ಯಾನಿಗೆ ಕಾಯುವ ಮಕ್ಕಳು, ಎಲ್ಲರೂ ನಿಂತು ಮಾತನಾಡಿಸತೊಡಗಿದರು. "ಅಕ್ಕಾರ, ಇದು ಕಚ್ಚತೈತೇನ್ರಿ?" ಎಂದು ಆರಂಭವಾದ ಮಾತು ಅವರವರ ಮನೆಯ ಸುಖದುಃಖದವರೆಗೆ ಹೋಗುತ್ತಿತ್ತು. ಇಡೀ ದಿನ ಕಾಗದದ ಜೊತೆಗೇ ಇರುವವಳಿಗೆ ಈ ಹತ್ತು ಮಾತುಗಳ ಬೆಲೆ ಎಷ್ಟೆಂದು ಹೊರಗೆ ಕೆಲಸ ಮಾಡುವವರಿಗೆ ಬಹುಶಃ ತಿಳಿಯಲಾರದು.

ರಾತ್ರಿಗಳ ವಿಷಯವನ್ನು ಹೇಳಲೇಬೇಕು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಡುರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಎದೆ ಹೊಡೆದುಕೊಂಡು, ಮನೆಯವರ ಬಸ್ಸು ಯಾವ ಘಾಟಿನಲ್ಲಿದೆಯೋ ಎಂದು ಬೆಳಗಿನವರೆಗೆ ಚಿಂತಿಸುತ್ತ ಕುಳಿತ ರಾತ್ರಿಗಳು ಬಹಳ ಇದ್ದವು. ರೂಬಿ ನನ್ನ ಹಾಸಿಗೆಯ ಪಕ್ಕದ ಗೋಣಿಚೀಲದ ಮೇಲೆ ಮಲಗತೊಡಗಿದ ಮೇಲೆ, ಎಚ್ಚರವಾದಾಗ ಕೈ ಕೆಳಗೆ ಬಿಟ್ಟು ಅದರ ಬೆನ್ನ ಮೇಲೆ ಇಟ್ಟುಕೊಳ್ಳುತ್ತೇನೆ. ಅದರ ಉಸಿರು ಏರಿ ಇಳಿಯುವುದು ಅಂಗೈಗೆ ತಿಳಿಯುತ್ತದೆ, ನನ್ನ ಉಸಿರು ನಿಧಾನವಾಗಿ ಅದರ ಲಯಕ್ಕೆ ಇಳಿಯುತ್ತದೆ. ನಾಯಿ ಮತ್ತು ಅದರ ಒಡೆಯ ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲಿಯೂ ಆಕ್ಸಿಟೋಸಿನ್ ಹೆಚ್ಚುತ್ತದೆಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ್ದಾರೆ. ತಾಯಿ ಮತ್ತು ಕೂಸಿನ ನಡುವಿನ ಬಾಂಧವ್ಯದಲ್ಲಿ ಕೆಲಸ ಮಾಡುವ ಹಾರ್ಮೋನು ಅದು. ಮಗ ಪುಣೆಗೆ ಹೋದ ಮೇಲೆ ನನ್ನ ಕೈಗೆ ಕೆಲಸವಿಲ್ಲವೆನಿಸಿದ್ದ ಯಾವುದೋ ಒಂದು ಭಾಗ ಮತ್ತೆ ಎಚ್ಚರಗೊಂಡದ್ದನ್ನು ಆ ಸುದ್ದಿ ಓದುವ ಮೊದಲೇ ನಾನು ಅನುಭವಿಸಿದ್ದೆ.

ಎಂಟು ತಿಂಗಳ ಬಳಿಕ ರಕ್ತದೊತ್ತಡ 132/84, ಎಚ್‌ಬಿಎ1ಸಿ 5.9 ಇತ್ತು. ಇದೆಲ್ಲ ನಾಯಿಯಿಂದಲೇ ಎಂದು ನಾನು ಬರೆಯಲಾರೆ. ಮಾತ್ರೆ ತಪ್ಪಿಸಿರಲಿಲ್ಲ, ಚಹಾದ ಸಕ್ಕರೆ ಬಿಟ್ಟಿದ್ದೆ, ಉಪ್ಪಿನಕಾಯಿ ಕಡಿಮೆ ಮಾಡಿದ್ದೆ. ಅಂಕಿ ಕಂಡಲ್ಲಿ ಎರಡು ಸಲ ನೋಡುವುದು ನನ್ನ ಕೆಲಸ. ಸ್ವೀಡನ್ನಿನಲ್ಲಿ 34 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಯಿ ಸಾಕಿದವರಲ್ಲಿ ಸಾವಿನ ಅಪಾಯ ಕಡಿಮೆ ಇತ್ತು, ಒಂಟಿಯಾಗಿ ಬದುಕುವವರಲ್ಲಿ ಈ ವ್ಯತ್ಯಾಸ ಹೆಚ್ಚು ಎದ್ದು ಕಂಡಿತ್ತು. ಆದರೆ ಮೊದಲೇ ಗಟ್ಟಿಮುಟ್ಟಾಗಿರುವವರೇ ನಾಯಿ ಸಾಕುವ ಸಾಧ್ಯತೆಯೂ ಇದೆಯಲ್ಲ? ಅಮೆರಿಕದ ಹೃದಯ ಸಂಘ 2013ರಲ್ಲಿಯೇ, ನಾಯಿ ಸಾಕುವುದರಿಂದ ಹೃದಯಕ್ಕೆ ಒಳಿತಾಗುವ ಸಂಭವವನ್ನು ಒಪ್ಪಿಕೊಂಡು, ಅದೊಂದೇ ಉದ್ದೇಶಕ್ಕಾಗಿ ನಾಯಿಯನ್ನು ತರಬಾರದು ಎಂದಿತ್ತು. ಈ ಎಚ್ಚರಿಕೆ ನನಗೆ ಬಹಳ ಸರಿಯೆನಿಸುತ್ತದೆ.

ಪೆಟ್ಟೂ ತಿಂದಿದ್ದೇನೆ. ಎರಡನೆಯ ವರ್ಷದ ಶ್ರಾವಣದಲ್ಲಿ ಭೀಷ್ಮಕೆರೆಯ ಕಡೆಗೆ ಹೋದಾಗ, ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದೆ. ಬೆಕ್ಕೊಂದು ಅಡ್ಡ ಹಾಯ್ದಿತು. ಮುಧೋಳದ ರಕ್ತ ತಡೆಯಲಿಲ್ಲ. ನಾನು ಮುಗ್ಗರಿಸಿ ಬಿದ್ದು ಬಲಗೈ ಉಳುಕಿತು, ಮೂರು ವಾರ ಪೆನ್ನು ಹಿಡಿಯಲಾಗಲಿಲ್ಲ. ಅಮೆರಿಕದಲ್ಲಿ 65 ದಾಟಿದವರು ನಾಯಿಯನ್ನು ಅಡ್ಡಾಡಿಸುವಾಗ ಮೂಳೆ ಮುರಿದುಕೊಂಡ ಪ್ರಕರಣಗಳು 2004ರಿಂದ 2017ರ ನಡುವೆ ಎರಡು ಪಟ್ಟಿಗೂ ಮಿಕ್ಕಿದವು, ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಮಹಿಳೆಯರು. ಅಂದಿನಿಂದ ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದಿಲ್ಲ, ಕೊರಳ ಪಟ್ಟಿಯ ಬದಲು ಎದೆಗೆ ಕಟ್ಟುವ ಪಟ್ಟಿ ಹಾಕುತ್ತೇನೆ, ಹಿಂದೆ ಪಟ್ಟಿಯಿರುವ ಚಪ್ಪಲಿಯನ್ನೇ ಮೆಟ್ಟುತ್ತೇನೆ. ಬೀದಿ ನಾಯಿಗಳ ಗುಂಪು ಎದುರಾದರೆ ಓಡದೆ ನಿಂತು, ನಿಧಾನವಾಗಿ ಇನ್ನೊಂದು ಓಣಿಗೆ ತಿರುಗಿಕೊಳ್ಳುತ್ತೇನೆ. ವರ್ಷಕ್ಕೊಮ್ಮೆ ರೂಬಿಗೆ ರೇಬಿಸ್ ಲಸಿಕೆ ತಪ್ಪುವುದಿಲ್ಲ. ಯಾವ ನಾಯಿಯ ಹಲ್ಲು ತಾಗಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಓಣಿಯ ಮಕ್ಕಳಿಗೆಲ್ಲ ಹೇಳಿಕೊಟ್ಟಿದ್ದೇನೆ.

ನಮ್ಮ ಊರಿನ ಹವೆಗೆ ತಕ್ಕಂತೆ ಕೆಲವನ್ನು ನಾನೇ ಕಲಿಯಬೇಕಾಯಿತು. ಏಪ್ರಿಲ್, ಮೇ ತಿಂಗಳಲ್ಲಿ ಡಾಂಬರಿನ ಮೇಲೆ ಅಂಗೈಯ ಹಿಂಬದಿಯನ್ನು ಇಟ್ಟು ನೋಡಿ, ತಡೆಯಲಾಗದಷ್ಟು ಬಿಸಿಯಿದ್ದರೆ ಹೊರಡುವುದಿಲ್ಲ. ಮಳೆಗಾಲದಲ್ಲಿ ಹೊಲದ ಎರೆಮಣ್ಣು ಬೆರಳ ಸಂದಿಯಲ್ಲಿ ಸೇರಿ ಒಣಗಿದರೆ ಹುಣ್ಣಾಗುತ್ತದೆ. ನಳಕ್ಕೆ ದಿನಗಟ್ಟಲೆ ನೀರು ಬಾರದ ಊರಿನಲ್ಲಿ ದಿನಾ ಮೈ ತೊಳೆಯಲಾಗದು, ಆದ್ದರಿಂದ ಒಂದು ತಂಬಿಗೆ ನೀರು ಮತ್ತು ಒದ್ದೆ ಅರಿವೆಯಿಂದ ಪಾದ ಒರೆಸಿ, ಕಿವಿಯ ಬುಡದಲ್ಲಿ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ ಎಂದು ನೋಡುತ್ತೇನೆ. ಊಟಕ್ಕೆ ಮೊಸರು ಕಲಸಿದ ಅನ್ನ ಅಥವಾ ಜೋಳದ ರೊಟ್ಟಿ, ಬೇಯಿಸಿದ ತತ್ತಿ, ವಾರಕ್ಕೆ ಎರಡು ಸಲ ಕೋಳಿ. ಉಳಿದ ಪಲ್ಯ, ಸಾರು ಹಾಕುವುದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತಕಣಗಳನ್ನು ಕೆಡಿಸುತ್ತವೆ.

ಪರಿಚಯದ ಒಬ್ಬರು ತಮ್ಮ ತಂಗಿ ತಿಂಗಳುಗಳಿಂದ ಯಾರೊಡನೆಯೂ ಮಾತಿಲ್ಲದೆ ಮಲಗಿಯೇ ಇರುತ್ತಾಳೆ, ಅವಳಿಗೊಂದು ನಾಯಿಮರಿ ತಂದುಕೊಡಲೇ ಎಂದು ಕೇಳಿದರು. ಬೇಡವೆಂದೆ. ಎದ್ದು ಮುಖ ತೊಳೆಯುವುದೇ ಭಾರವಾಗಿರುವವಳ ಮೇಲೆ ಇನ್ನೊಂದು ಜೀವದ ಹೊಣೆ ಹೊರಿಸಿದರೆ ಇಬ್ಬರಿಗೂ ಅನ್ಯಾಯ. ಮೊದಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ಹೊರಡುವುದು ಕಷ್ಟವಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿ ಎಂದೆ. ಅವಳು ಚಿಕಿತ್ಸೆ ಪಡೆದಳು. ಆರು ತಿಂಗಳ ಮೇಲೆ ಅಕ್ಕನೊಡನೆ ನಮ್ಮ ಮನೆಗೆ ಬಂದು, ತಾನಾಗಿಯೇ ಹಗ್ಗ ಕೇಳಿ, ರೂಬಿಯನ್ನು ಓಣಿಯ ತುದಿಯವರೆಗೆ ಕರೆದೊಯ್ದಳು. ಈಗ ಭಾನುವಾರಗಳಂದು ಬರುತ್ತಾಳೆ.

ರೂಬಿಗೆ ಈಗ ಏಳು ವರ್ಷ, ಮೂತಿಯ ಸುತ್ತ ಬೆಳ್ಳಗಾಗಿದೆ. ನನ್ನ ಎಡ ಮೊಣಕಾಲು ಕಳೆದ ಚಳಿಗಾಲದಲ್ಲಿ ನೋಯತೊಡಗಿದಾಗ ವೈದ್ಯರು ನಡಿಗೆ ನಿಲ್ಲಿಸಬೇಡಿ, ಒಂದೇ ಸಲ ದೂರ ಹೋಗುವುದನ್ನು ಬಿಡಿ ಎಂದರು. ಆದ್ದರಿಂದ ಬೆಳಗಿನ ನಲವತ್ತು ನಿಮಿಷವನ್ನು ಎರಡು ಭಾಗ ಮಾಡಿದ್ದೇವೆ: ನಸುಕಿನದು ನನ್ನದು, ಎಂಟು ಗಂಟೆಯದು, ಊರಲ್ಲಿದ್ದ ದಿನ, ನಮ್ಮ ಮನೆಯವರದು. ಸ್ಟೀರಿಂಗ್ ಹಿಡಿದು ಸೊಂಟ ಹಿಡಿದುಹೋಗಿದ್ದ ಅವರು ಈಗ ರೂಬಿಯನ್ನು ಕರೆದುಕೊಂಡು ರೈಲು ಹಳಿಯವರೆಗೆ ಹೋಗಿ, ಒಂದು ಗೂಡ್ಸ್ ಗಾಡಿ ದಾಟುವವರೆಗೆ ಇಬ್ಬರೂ ನಿಂತಿದ್ದು ಬರುತ್ತಾರೆ.